ಕನ್ನಡ ಮೀಡಿಯಂ ಮೇಡಂ, ಜಪಾನಿನ ವಿದ್ಯಾರ್ಥಿಗಳು

ಶಿವಮೊಗ್ಗದಲ್ಲಿ ಕೂತು ಜಪಾನಿನ ಇಂಜಿನಿಯರುಗಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ, ತಿಂಗಳಿಗೆ 65–70 ಸಾವಿರ ಕೈಗೆ ಬರುತ್ತದೆ ಅಂದರೆ ನಮ್ಮ ಟ್ಯೂಷನ್ ಬಳಗದಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ. "ಅಮೆರಿಕದವ್ರು, ಇಂಗ್ಲೆಂಡಿನವ್ರು ಇರುವಾಗ ನಿಮ್ಮ ಹತ್ರ ಯಾಕೆ ಬರ್ತಾರೆ ಮೇಡಂ?" ಅಂತ ಎದುರಿಗೇ ಕೇಳಿದವರಿದ್ದಾರೆ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ, ಆಮೇಲೆ ಬಿ.ಎ., ಬಿ.ಎಡ್. ಈ ಕೆಲಸ ಈಗ ಕೆಲವು ವರ್ಷಗಳಿಂದ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಝೂಮ್, ಮೈಕು, ಹೆಡ್‌ಫೋನು, ಗೂಗಲ್ ಡಾಕ್ಸ್ ಇವೆಲ್ಲ ನಿಮಗೆ ಗೊತ್ತಿರುವುದೇ. ಅದರ ಬಗ್ಗೆ ಹೇಳುವುದಿಲ್ಲ.

ಮೊದಲು ಎಲ್ಲರಂತೆ ನಾನೂ ಒಂದು ದೊಡ್ಡ ಟ್ಯೂಟರ್ ತಾಣದಲ್ಲಿ ಖಾತೆ ತೆರೆದೆ. ಮೊದಲ ಪಾಠದ ದುಡ್ಡು ಪೂರ್ತಿ ಅವರಿಗೆ. ಎರಡನೆಯದರಿಂದ ಮೂರರಲ್ಲಿ ಒಂದು ಪಾಲು ಕಮಿಷನ್. ಭಾರತದ ಟ್ಯೂಟರುಗಳು ಗಂಟೆಗೆ 4 ಡಾಲರಿಗೆಲ್ಲ ಕೂತಿದ್ದರಿಂದ 5ಕ್ಕಿಂತ ಮೇಲೆ ಹಾಕಿದರೆ ಯಾರೂ ಕ್ಲಿಕ್ ಮಾಡುತ್ತಿರಲಿಲ್ಲ. ಎಲ್ಲ ಕಳೆದು ಗಂಟೆಗೆ 230–240 ರೂಪಾಯಿ ಉಳಿಯುತ್ತಿತ್ತು. ಮನೆಯಲ್ಲಿ ಹನ್ನೆರಡು ಮಕ್ಕಳ ಬ್ಯಾಚಿಗೆ ತಲೆಗೆ 700ರಂತೆ ತಿಂಗಳಿಗೆ ಎಂಟು ಸಾವಿರದ ಮೇಲೆ ಬರುವಾಗ, ಟರ್ಕಿ, ಸೌದಿ, ಬ್ರೆಜಿಲ್‌ನಿಂದ ಒಂದು ಪಾಠ ಕೇಳಿ ಮಾಯವಾಗುವವರ ಹಿಂದೆ ಓಡುವುದಕ್ಕೆ ಅರ್ಥವಿರಲಿಲ್ಲ. ಸಾಲದ್ದಕ್ಕೆ 'ನೇಟಿವ್ ಸ್ಪೀಕರ್ ಮಾತ್ರ', ಅಂದರೆ ಹುಟ್ಟಿನಿಂದ ಇಂಗ್ಲಿಷ್ ಮಾತಾಡುವವರು ಮಾತ್ರ ಸಾಕು ಅಂತ ಒಂದು ಗುಂಡಿ ಒತ್ತಿದರೆ ನಮ್ಮ ಹೆಸರೇ ಪಟ್ಟಿಯಿಂದ ಹೋಗಿಬಿಡುತ್ತಿತ್ತು. ಚೀನಾದ ಮಕ್ಕಳಿಗೆ ಹೇಳಿಕೊಡೋಣ ಅಂದುಕೊಂಡವರ ಬಾಗಿಲು 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಖಾಸಗಿ ಟ್ಯೂಷನ್ ಮೇಲೆ ನಿರ್ಬಂಧ ತಂದಾಗಲೇ ಮುಚ್ಚಿತ್ತು. ಜಪಾನಿನಲ್ಲಿ ಬರೀ ಮಾತಾಡಿಸುವ ಪಾಠಕ್ಕೆ ಫಿಲಿಪ್ಪೀನ್ಸ್ ಶಿಕ್ಷಕರಿದ್ದಾರೆ. ದಿನಕ್ಕೆ 25 ನಿಮಿಷ, ತಿಂಗಳಿಡೀ ಕೆಲವೇ ಸಾವಿರ ಯೆನ್. ಅವರು ನಗುನಗುತ್ತ ಚೆನ್ನಾಗಿ ಕಲಿಸುತ್ತಾರೆ. ಆ ದರಕ್ಕೆ ಅವರೊಂದಿಗೆ ಪೈಪೋಟಿ ನಮ್ಮಿಂದ ಆಗದು.

ದಾರಿ ಸಿಕ್ಕಿದ್ದು ನನ್ನ ಅಕ್ಕನ ಮಗನಿಂದ. ಅವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೋಕಿಯೋ ತಂಡದ ಜೊತೆ ಕೆಲಸ ಮಾಡುತ್ತಾನೆ. "ಚಿಕ್ಕಮ್ಮ, ಅವ್ರು ಕಾಲ್‌ನಲ್ಲಿ ಬಾಯೇ ಬಿಡಲ್ಲ. ಮುಗಿದ್ಮೇಲೆ ಅದೇ ವಿಷ್ಯ ಕೇಳಿ ಇಷ್ಟುದ್ದ ಮೇಲ್ ಬರುತ್ತೆ" ಅಂದ. ಬರೆಯುವುದರಲ್ಲಿ ಅವರಿಗೆ ಕಷ್ಟವೇ ಇಲ್ಲ. ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 800 ದಾಟಿದವರು ಬೇಕಾದಷ್ಟಿದ್ದಾರೆ. ಆದರೆ ಆ ಪರೀಕ್ಷೆಯ 45 ನಿಮಿಷದ ಲಿಸನಿಂಗ್ ಭಾಗದಲ್ಲಿ ಕೇಳಿಸುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ದನಿಗಳು. ನಮ್ಮ ದನಿ ಒಂದೂ ಇಲ್ಲ. ಅದನ್ನೇ ನಂಬಿ ಓದಿ ಬಂದವರು ಬೆಂಗಳೂರಿನ ತಂಡದ ಕಾಲ್‌ಗೆ ಕೂತರೆ ಹತ್ತರಲ್ಲಿ ನಾಲ್ಕು ಮಾತು ಸಿಕ್ಕರೆ ಹೆಚ್ಚು. ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾ, ಬೆಂಗಳೂರಿನ ರಾಕುಟೆನ್ ಅಂತ ನಮ್ಮ ರಾಜ್ಯದಲ್ಲೇ ಜಪಾನಿನ ಕಂಪನಿಗಳು ಇಷ್ಟಿವೆ. ಇವರೊಂದಿಗೆ ದಿನಾ ವ್ಯವಹರಿಸುವ ಜಪಾನಿನವರಿಗೆ ನಮ್ಮ ಇಂಗ್ಲಿಷ್ ಅರ್ಥ ಮಾಡಿಸುವವರು ಯಾರು? ಆ ಕೆಲಸಕ್ಕೆ ಲಂಡನ್ನಿನವರಿಗಿಂತ ನನಗೇ ಹೆಚ್ಚು ಅರ್ಹತೆ ಅಂತ ಅವತ್ತೇ ಅನ್ನಿಸಿತು, ಇವತ್ತಿಗೂ ಹಾಗೇ ಅನ್ನಿಸುತ್ತದೆ.

ತಾಣದ ಖಾತೆ ಮುಚ್ಚಿದೆ. ಅಲ್ಲಿನ ವಿದ್ಯಾರ್ಥಿಗಳನ್ನು ಎಳೆದುಕೊಂಡು ಬರಲಿಲ್ಲ, ಕರಾರಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹೊಸ ಪರಿಚಯ ಬರೆದು, ಜಪಾನಿ ಕಲಿತ ಬೆಂಗಳೂರಿನ ಹುಡುಗಿಯೊಬ್ಬಳಿಗೆ 1,500 ರೂಪಾಯಿ ಕೊಟ್ಟು ಅನುವಾದ ಮಾಡಿಸಿದೆ. ಅದರಲ್ಲಿ 'ಇಂಗ್ಲಿಷ್ ಶಿಕ್ಷಕಿ' ಅಂತ ಎಲ್ಲೂ ಇಲ್ಲ. 'ಭಾರತದ ತಂಡದ ಜೊತೆಗಿನ ಮೀಟಿಂಗಿಗೆ ತಯಾರಿ' ಅಂತಿದೆ. ಈ ಒಂದು ಸಾಲಿಂದ ದರ ನಾಲ್ಕೈದು ಪಟ್ಟು ಏರಿತು. ಮೊದಲ ಮೂವರು ಅಕ್ಕನ ಮಗನ ಕಡೆಯಿಂದ ಬಂದರು. ಆಮೇಲೆ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರೇ ಹೆಚ್ಚು. ಲಿಂಕ್ಡ್‌ಇನ್‌ನಲ್ಲಿ ಯಾರಿಗೆ, ಯಾವ ತಿಂಗಳು ಸಂದೇಶ ಕಳಿಸುತ್ತೇನೆ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಪಾಠದ ಜೀವಾಳ ರೆಕಾರ್ಡಿಂಗು. ಕಲಬುರಗಿಯ ನನ್ನ ಸಹಪಾಠಿ, ಒಬ್ಬ ತಮಿಳು ಗೆಳತಿ, ಒಬ್ಬ ಮಲಯಾಳಿ, ದೆಹಲಿಯ ಒಬ್ಬರು, ಇವರಿಂದ ಕಚೇರಿ ಮಾತುಕತೆಯಂಥ ಒಂದೂವರೆ ಎರಡು ನಿಮಿಷದ ತುಣುಕು ಮಾಡಿಸುತ್ತೇನೆ, ಒಂದಕ್ಕೆ 200 ರೂಪಾಯಿ ಕೊಡುತ್ತೇನೆ. ಓದಿಸಬೇಡಿ, ಮಾತಾಡಿಸಿ. ಓದಿದರೆ ಎಲ್ಲರ ದನಿಯೂ ಒಂದೇ ಥರ ಆಗಿಬಿಡುತ್ತದೆ. ವಿದ್ಯಾರ್ಥಿ ಅದನ್ನು ಶ್ಯಾಡೋಯಿಂಗ್ ಮಾಡಬೇಕು, ಅಂದರೆ ಕೇಳುತ್ತಲೇ ಬೆನ್ನಿಗೇ ಹೇಳಿಕೊಂಡು ಹೋಗಬೇಕು. ಜಪಾನಿನವರಿಗೆ ಈ ಅಭ್ಯಾಸ ಮೊದಲೇ ಇರುತ್ತದೆ, ವಿವರಿಸುವ ಗೋಜಿಲ್ಲ. ನಮ್ಮ ದನಿ ಬಾಯಲ್ಲಿ ಒಮ್ಮೆ ಆಡಿದ ಮೇಲೆ ಕಿವಿಗೂ ಸಿಗುತ್ತದೆ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದವರು ನನ್ನಲ್ಲಿ ಇಬ್ಬರೋ ಮೂವರೋ ಅಷ್ಟೆ.

ಅಂಕಿ ಅಭ್ಯಾಸಕ್ಕೆ ಪ್ರತಿ ಪಾಠದಲ್ಲೂ ಹತ್ತು ನಿಮಿಷ ಕೊಡುತ್ತೇನೆ. ಬೇರೆ ಯಾರೂ ಇದನ್ನು ಮಾಡಿಸುವುದನ್ನು ನಾನು ನೋಡಿಲ್ಲ. ಜಪಾನಿನ ಲೆಕ್ಕ ಹತ್ತು ಸಾವಿರದ ಕಟ್ಟಿನ ಮೇಲೆ ನಿಂತಿದೆ, ಅದು ಒಂದು ಮಾನ್. ಅವರ ಒಂದು ಒಕು ನಮ್ಮ ಹತ್ತು ಕೋಟಿ. ಇಂಗ್ಲಿಷಿನ ಮಿಲಿಯನ್ನಿಗೇ ಅವರು ತಡವರಿಸುತ್ತಾರೆ. ಅಂಥದ್ದರಲ್ಲಿ ನಮ್ಮವರು ಮೀಟಿಂಗಿನಲ್ಲಿ ಲಕ್ಷ, ಕೋಟಿ ಅಂತ ಶುರು ಮಾಡಿದರೆ ಬಜೆಟ್ ಮಾತೇ ಹಳಿ ತಪ್ಪುತ್ತದೆ. 25 ಲಕ್ಷ ಅಂದಕೂಡಲೇ 250 ಮಾನ್, ಮೂರೂವರೆ ಕೋಟಿ ಅಂದಕೂಡಲೇ 3,500 ಮಾನ್ ಅಂತ ಬಾಯಿಗೆ ಬರುವ ತನಕ ಬಿಡುವುದಿಲ್ಲ. ನಾಗೋಯಾದ ಒಬ್ಬ ಖರೀದಿ ವಿಭಾಗದವರು ಈ ಹತ್ತು ನಿಮಿಷಕ್ಕಾಗಿಯೇ ಎರಡು ವರ್ಷ ಪಾಠ ಮುಂದುವರಿಸಿದರು.

ಇನ್ನು ಸುಮ್ಮನಿರುವುದನ್ನು ಕಲಿಯಬೇಕು. ಪ್ರಶ್ನೆ ಕೇಳಿದ ಮೇಲೆ ಅವರು ಎಂಟು ಹತ್ತು ಸೆಕೆಂಡು ಯೋಚಿಸುತ್ತಾರೆ. ನಮ್ಮ ಟ್ಯೂಷನ್ ಅಭ್ಯಾಸದಂತೆ ನಾವೇ ಉತ್ತರ ಹೇಳಿಬಿಟ್ಟರೆ ಅಲ್ಲಿಗೆ ಅವರ ಬಾಯಿ ಮುಚ್ಚಿತು. 'ಹಾಯ್, ಹಾಯ್' (ಜಪಾನಿಯಲ್ಲಿ ಹೌದು, ಹೌದು) ಅಂತ ತಲೆ ಆಡಿಸಿದರೆ ಅರ್ಥವಾಯಿತು ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ಪ್ರತಿ ಸಲವೂ ಅವರಿಂದಲೇ ತಿರುಗಿ ಹೇಳಿಸಬೇಕು.

ಕನ್ನಡ ಮೀಡಿಯಂ ಅಂತ ಶುರುವಿನಲ್ಲೇ ಹೇಳಿದ್ದಕ್ಕೆ ಕಾರಣವಿದೆ. ಜಪಾನಿ ವಾಕ್ಯ ನಡೆಯುವುದು ನಮ್ಮ ವಾಕ್ಯದ ಹಾಗೆಯೇ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥದ್ದು ನಾಮಪದ ಆದಮೇಲೆ, 'ನಿನ್ನೆ ಬಂದ ಇಂಜಿನಿಯರ್' ಅನ್ನುವಾಗ 'ನಿನ್ನೆ ಬಂದ' ಮೊದಲಿಗೆ. ಯಾರು ಅನ್ನುವುದು ಗೊತ್ತಿದ್ದರೆ ಕರ್ತೃಪದವನ್ನೇ ಬಿಟ್ಟುಬಿಡುತ್ತಾರೆ, ನಾವೂ ಬಿಡುತ್ತೇವೆ. ಹಾಗಾಗಿ ಅವರು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆ ಅನ್ನುವುದು ನನಗೆ ವಾಕ್ಯ ಮುಗಿಯುವ ಮೊದಲೇ ಗೊತ್ತಾಗುತ್ತದೆ. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಎಡವುವುದೂ ಅಲ್ಲೇ. ಹುಟ್ಟಿನಿಂದ ಇಂಗ್ಲಿಷ್ ಮಾತಾಡಿದವರು ಅದು ತಪ್ಪು ಅಂತ ಹೇಳಿಯಾರು, ಆ ತಪ್ಪಿನ ಬೇರು ಎಲ್ಲಿದೆ ಅಂತ ತೋರಿಸಲಾರರು. ಪದದ ಕೊನೆಗೆ ಸ್ವರ ಸೇರಿಸುವ ಅಭ್ಯಾಸವೂ ಅಷ್ಟೇ. ನಮ್ಮ ಹಳ್ಳಿ ಮಕ್ಕಳು 'ಮಿಲ್ಕು' ಅನ್ನುತ್ತಾರೆ, ಅವರು 'ಮಿರುಕು' ಅನ್ನುತ್ತಾರೆ. ಮುಂದಿನ ಪದದ ಸ್ವರಕ್ಕೆ ಈ ವ್ಯಂಜನವನ್ನು ಅಂಟಿಸಿ ಹೇಳಿಸಿ ಆ 'ಉ' ಬಿಡಿಸುವ ಉಪಾಯ ನಾನು ಟ್ಯೂಷನ್ ಮಕ್ಕಳಿಗೆ ಮೊದಲಿನಿಂದ ಮಾಡಿಸುತ್ತಿದ್ದದ್ದೇ. ಇಲ್ಲೂ ಹಾಗೇ ಕೆಲಸ ಮಾಡಿತು.

ಲ, ರ ವ್ಯತ್ಯಾಸಕ್ಕೆ ಒಂದು ಪ್ರಯೋಗ ಮಾಡಿದೆ. ನೇರ ಲ ಕಲಿಸುವ ಬದಲು ಮೊದಲು ನಮ್ಮ ಳ ಹೇಳಿಸಿದೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಳ, ಮುಂದಕ್ಕೆ ಚಾಚಿ ಲ, ನಡುವೆ ತಟ್ಟಿ ರ. 'ಮಳೆ, ಮಲೆ, ಮರೆ' ಅಂತ ಹದಿನೈದು ದಿನ. ಇಬ್ಬರಿಗೆ ಲ ಸ್ಪಷ್ಟವಾಯಿತು, ಒಬ್ಬರಿಗೆ ಏನೂ ಆಗಲಿಲ್ಲ. ಇನ್ನೂ ಹತ್ತಾರು ಜನರ ಮೇಲೆ ಮಾಡಿ ನೋಡಬೇಕು. ಬೇರೆ ಯಾರಾದರೂ ಮಾಡಿದರೆ ತಿಳಿಸಿ, ನನಗೆ ನಿಜವಾಗಿಯೂ ಕುತೂಹಲವಿದೆ.

ಸಮಯದ ಅನುಕೂಲ ದೊಡ್ಡದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ವರ್ಷವಿಡೀ ಅಷ್ಟೇ. ಅವರ ರಾತ್ರಿ ಎಂಟರಿಂದ ಹನ್ನೊಂದು ಅಂದರೆ ನಮ್ಮ ಸಂಜೆ ನಾಲ್ಕೂವರೆಯಿಂದ ಏಳೂವರೆ. ಇದು ಟ್ಯೂಷನ್ ಹೊತ್ತು ಕೂಡ, ಅದಕ್ಕೇ ನಾನು ಎರಡು ಬ್ಯಾಚ್ ಬಿಟ್ಟುಕೊಟ್ಟೆ. ಅವರ ಊಟದ ಬಿಡುವು ನಮ್ಮ ಬೆಳಿಗ್ಗೆ ಎಂಟೂವರೆಗೆ, ಆಗಲೂ ಒಂದು ಪಾಠ ಹಿಡಿಯಬಹುದು. ಜರ್ಮನಿಯ ಒಬ್ಬರಿಗೂ ಕಲಿಸಿ ನೋಡಿದೆ. ಅಲ್ಲಿ ಮಾರ್ಚ್, ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ, ನನ್ನ ಇಡೀ ವೇಳಾಪಟ್ಟಿ ಕದಡುತ್ತಿತ್ತು. ಬಿಟ್ಟೆ. ಬ್ರೆಜಿಲ್‌ನವರ ಸಂಜೆ ಏಳು ನಮಗೆ ಬೆಳಗಿನ ಜಾವ ಮೂರೂವರೆ. ಅದನ್ನು ಯಾರಿಗೂ ಹೇಳಿಕೊಡಲಾರೆ.

ಈಗ ದುಡ್ಡು. ಶುರುವಿನಲ್ಲಿ 50 ನಿಮಿಷಕ್ಕೆ 2,000 ಯೆನ್ ಇಟ್ಟೆ. 2022ರ ಆರಂಭದಲ್ಲಿ ಯೆನ್ನಿಗೆ 64–65 ಪೈಸೆ ಸಿಗುತ್ತಿತ್ತು, ಅಂದರೆ ಪಾಠಕ್ಕೆ 1,300 ರೂಪಾಯಿ ಹತ್ತಿರ. ಆಮೇಲೆ ದರ 2,500ಕ್ಕೆ ಏರಿಸಿದೆ. ಅಷ್ಟರಲ್ಲಿ ಯೆನ್ ಕುಸಿಯುತ್ತ ಹೋಗಿ 2024ರ ಜುಲೈ ಸುಮಾರಿಗೆ 52 ಪೈಸೆಗೆ ಬಂತು. ಕಾಲು ಪಾಲು ದರ ಏರಿಸಿಯೂ ಕೈಗೆ ಬಂದದ್ದು ಅದೇ 1,300. ಡಾಲರಿನಲ್ಲಿ ಕೊಡಿ ಅಂತ ಕೇಳಿ ನೋಡಿದೆ, ಇಬ್ಬರು ಸದ್ದಿಲ್ಲದೆ ನಿಲ್ಲಿಸಿಬಿಟ್ಟರು. ಸ್ವಂತ ಜೇಬಿನಿಂದ ಕೊಡುವವರಿಗೆ ಯೆನ್ನೇ ಇರಲಿ. ಕಂಪನಿಯೇ ಫೀಸು ಭರಿಸುವವರಿಗೆ ಮಾತ್ರ ಡಾಲರಿನ ಇನ್ವಾಯ್ಸ್ ಕೊಡಿ. ಅವರು ತಕರಾರು ಮಾಡುವುದಿಲ್ಲ.

ಬಿಡಿ ಪಾಠ ಮಾರಬೇಡಿ. ಎಂಟು ಪಾಠದ ಕಟ್ಟು, ಮುಂಗಡ ಹಣ, ಪಾಠಕ್ಕೆ 24 ಗಂಟೆಗಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ಆ ಪಾಠ ಹೋಯಿತು. ಈ ನಿಯಮ ಬಾಯಲ್ಲಿ ಹೇಳಲು ನಮಗೆ ಸಂಕೋಚವಾಗುತ್ತದೆ, ಬರೆದುಕೊಟ್ಟರೆ ಅವರು ಚಾಚೂ ತಪ್ಪದೆ ಪಾಲಿಸುತ್ತಾರೆ. ಜಪಾನಿನ ಕಂಪನಿಗಳಲ್ಲಿ ಬೋನಸ್ ಬರುವುದು ಬೇಸಿಗೆಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ. ಇಪ್ಪತ್ನಾಲ್ಕು ಪಾಠದ ದೊಡ್ಡ ಕಟ್ಟನ್ನು ಆಗಲೇ ಮುಂದಿಡಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವೆ ಹಿರಿಯರನ್ನು ನೆನೆಯುವ ಓಬೋನ್ ಹಬ್ಬ, ಆಮೇಲೆ ಹೊಸ ವರ್ಷ, ಈ ಮೂರು ಹೊತ್ತಿನಲ್ಲಿ ಆದಾಯ ಅರ್ಧಕ್ಕೆ ಇಳಿಯುತ್ತದೆ. ಅವರ ಹಣಕಾಸು ವರ್ಷವೂ ನಮ್ಮಂತೆ ಏಪ್ರಿಲ್‌ನಲ್ಲಿ ಶುರು. ವರ್ಗಾವಣೆ ಆಗುವುದೂ ಆಗಲೇ. ಹಳಬರು ಇಬ್ಬರು ಹೋದರೆ ಹೊಸಬರು ಮೂವರು ಬರುವ ತಿಂಗಳು ಅದು, ಹಾಗಾಗಿ ಅದರ ಹಿಂದಿನ ಮಾರ್ಚಿನಲ್ಲಿ ಊರಿಗೆ ಹೋಗಿ ಕೂರಬೇಡಿ.

ಹಣ ತರಿಸಿಕೊಳ್ಳುವುದರಲ್ಲಿ ನಾನು ಕಳಕೊಂಡದ್ದು ಕಡಿಮೆ ಅಲ್ಲ. ಮೊದಲು ಬಳಸಿದ ಪಾವತಿ ಸೇವೆಯಲ್ಲಿ ಶುಲ್ಕ, ವಿನಿಮಯ ದರದ ವ್ಯತ್ಯಾಸ ಎಲ್ಲ ಸೇರಿ ನೂರಕ್ಕೆ ಏಳೆಂಟು ರೂಪಾಯಿ ಹೋಗುತ್ತಿತ್ತು. ಈಗ ನೇರ ನನ್ನ ಬ್ಯಾಂಕ್ ಖಾತೆಗೆ ಹಾಕಿಸುವುದರಿಂದ ಒಂದೂವರೆ ಎರಡಕ್ಕೆ ಇಳಿದಿದೆ. ಜಪಾನಿನಿಂದ ಹೊರಗೆ ದುಡ್ಡು ಕಳಿಸಬೇಕಾದರೆ ಅವರು ತಮ್ಮ 'ಮೈ ನಂಬರ್' (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೊಟ್ಟು ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಕೆಲವು ದಿನ ಹಿಡಿಯುತ್ತದೆ, ಮೊದಲ ಪಾಠಕ್ಕೂ ಮುಂಚೆಯೇ ಹೇಳಿಬಿಡಿ. ಬಂದ ಪ್ರತಿ ಮೊತ್ತಕ್ಕೂ ಬ್ಯಾಂಕಿನಿಂದ ವಿದೇಶಿ ಹಣದ ಸ್ವೀಕೃತಿ ಪತ್ರ ತೆಗೆದಿಡಿ, ಹಣ ಯಾತಕ್ಕೆ ಬಂತು ಅಂತ ತಿಳಿಸುವ ಪರ್ಪಸ್ ಕೋಡ್ ಸರಿಯಾಗಿ ಹಾಕಿಸಿ. ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಡ. ಮಿಕ್ಕದ್ದು ನಿಮ್ಮ ಆಡಿಟರ್ ಹತ್ತಿರ.

ಖರ್ಚು ಅಂತ ಇದ್ದದ್ದು ಕರೆಂಟು ಹೋದಾಗ ಬೇಕಾಗುವ ಯುಪಿಎಸ್‌ಗೆ 20 ಸಾವಿರದ ಮೇಲೆ, ಮೈಕಿಗೆ ಮೂರೂವರೆ ಸಾವಿರ, ಎರಡು ಬೇರೆ ಬೇರೆ ಕಂಪನಿಯ ಫೈಬರ್ ಇಂಟರ್ನೆಟ್ ಲೈನಿಗೆ ತಿಂಗಳಿಗೆ ಒಂದೂವರೆ ಸಾವಿರ. ಎರಡನೇ ಲೈನು ದಂಡ ಅಂತ ಮನೆಯಲ್ಲಿ ಮಾತು ಬಂತು. ನಮ್ಮ ಕಡೆಯ ಜುಲೈ ಮಳೆಯಲ್ಲಿ ಒಂದು ಲೈನು ಮೂರು ದಿನ ಬಿದ್ದಾಗ ಆ ಮಾತು ನಿಂತಿತು.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ನಾಲ್ವರನ್ನು ಸೇರಿಸಿ ಗುಂಪು ಪಾಠ ಮಾಡಿದರೆ ಗಂಟೆಗೆ ದುಪ್ಪಟ್ಟು ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ಒಂದೇ ಕಂಪನಿಯ ಹಿರಿಯರು ಕಿರಿಯರು ಒಟ್ಟಿಗೆ ಕೂತರೆ ಕಿರಿಯರು ಉಸಿರೇ ಎತ್ತುವುದಿಲ್ಲ, ಎರಡು ತಿಂಗಳಲ್ಲಿ ನಿಲ್ಲಿಸಿದೆ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸಿದ್ದು ಮಾತ್ರ ಬೇರೆಯೇ ಸುಖ. ದುಡ್ಡು ಕಡಿಮೆ, ಆದರೂ ಶನಿವಾರ ಬೆಳಿಗ್ಗೆ ಒಂದು ಪಾಠ ಈಗಲೂ ಇಟ್ಟುಕೊಂಡಿದ್ದೇನೆ. ಮಗು ಅಜ್ಜಿ ಜೊತೆ ಫೋನಿನಲ್ಲಿ ಎರಡು ಮಾತು ಆಡಿತು ಅಂತ ಅವರ ಅಮ್ಮ ಮೆಸೇಜು ಕಳಿಸಿದರೆ ಇಡೀ ವಾರ ಖುಷಿ.

ಪರಿಚಯ ಪಾಠದ ಕೊನೆಯ ಐದು ನಿಮಿಷದಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದಾದ ಮೇಲೆ ಹತ್ತರಲ್ಲಿ ಏಳೆಂಟು ಜನ ಕಟ್ಟು ಖರೀದಿಸುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ಮುಂದಿನ ಮೀಟಿಂಗಿಗೆ ಸಂಬಂಧಿಸಿದ್ದು ಅಂತ ಮಾತ್ರ ಹೇಳಬಲ್ಲೆ. ಕೊರಿಯಾದ ಸಮಯವೂ ಜಪಾನಿನದೇ, ಅಲ್ಲಿನ ಕಂಪನಿಗಳೂ ನಮ್ಮಲ್ಲಿ ಬೇಕಾದಷ್ಟಿವೆ. ನಾನು ಇನ್ನೂ ಆ ಕಡೆ ಕೈ ಹಾಕಿಲ್ಲ, ಯಾರಾದರೂ ಶುರು ಮಾಡಲಿ. ವಾರಕ್ಕೆ ಹದಿಮೂರು ಹದಿನಾಲ್ಕು ಪಾಠಕ್ಕಿಂತ ಹೆಚ್ಚು ನನ್ನ ಗಂಟಲು ತಡೆಯುವುದಿಲ್ಲ. ಬರುವ ಏಪ್ರಿಲ್‌ನಿಂದ ಹೊಸಬರಿಗೆ 3,000 ಯೆನ್, ಹಳಬರಿಗೆ ಹಳೇ ದರವೇ.