ಊರಿನವರೇ ಹಾಡುವ ಸಹಾಯಾರ್ಥ ಸಂಗೀತ ಸಂಜೆ: ನಡೆಸುವುದು ಹೇಗೆ?

ಮಳೆಗಾಲದಲ್ಲಿ ಡೊಳ್ಳಿನ ಚರ್ಮ ತೇವ ಹೀರಿಕೊಂಡು ಸಡಿಲಾಗುತ್ತದೆ, ದನಿ ಮಂಕಾಗುತ್ತದೆ. ಮಲೆನಾಡಿನ ನಮ್ಮ ಸಣ್ಣ ಕಲಾ ತಂಡದ ಅಭ್ಯಾಸದ ಕೋಣೆ ಸೋರತೊಡಗಿದಾಗ ಎಲ್ಲರಿಗೂ ಡೊಳ್ಳಿನದೇ ಚಿಂತೆ. ಹೆಂಚು ಬದಲಿಸಲು ದುಡ್ಡು ಬೇಕಿತ್ತು. ಹಾಡಿಯೇ ಕೂಡಿಸೋಣ ಎಂದು ಹೊರಟೆವು.

ಇದು ನಮ್ಮ ನಾಡಿಗೆ ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರ ಗಳಿಕೆಯಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ನಿಮ್ಮ ತಂಡಕ್ಕೂ ಇಂಥ ಯೋಚನೆ ಇದ್ದರೆ, ನಾವು ಕಲಿತದ್ದು ಇಲ್ಲಿದೆ.

ಮೊದಲು ಉದ್ದೇಶ, ಆಮೇಲೆ ದಿನ

‘ಕಲೆಯ ಉಳಿವಿಗಾಗಿ’ ಎಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ‘ಕೋಣೆಯ ಹೆಂಚು ಬದಲಿಸಬೇಕು, ಇಷ್ಟು ಬೇಕು’ ಎನ್ನಿ. ಒಂದೇ ಕೆಲಸ, ಒಂದೇ ಮೊತ್ತ. ದಿನಕ್ಕೆ ಕೊಯ್ಲು ಮುಗಿದ ಮೇಲಿನ ಜನವರಿ, ಫೆಬ್ರುವರಿ ಒಳ್ಳೆಯದು. ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ಪರೀಕ್ಷೆ. ಅಕ್ಕಪಕ್ಕದ ಊರಿನ ಜಾತ್ರೆ, ಯಕ್ಷಗಾನದ ದಿನಗಳನ್ನೂ ಕೇಳಿಕೊಳ್ಳಿ.

ಹಾಡುವವರು ಯಾರು?

ಇಲ್ಲಿ ನನ್ನ ಮಾತು ಖಡಕ್. ದೊಡ್ಡ ಊರಿನ ಆರ್ಕೆಸ್ಟ್ರಾ ಕರೆಸಬೇಡಿ. ಕೂಡಿಸಿದ ದುಡ್ಡು ಅವರ ಸಂಭಾವನೆಗೇ ಹೋಗುತ್ತದೆ. ಊರಿನವರೇ ಹಾಡಲಿ. ಭಜನಾ ಮಂಡಳಿಯ ಅಮ್ಮಂದಿರು, ತತ್ವಪದ ಹಾಡುವ ಅಜ್ಜ, ಸೋಬಾನೆ ಪದ ಗೊತ್ತಿರುವ ಅತ್ತೆ, ಪೇಟೆಯಲ್ಲಿ ಗಿಟಾರ್ ಕಲಿತ ಹುಡುಗಿ ಎಲ್ಲರೂ ಬರಲಿ. ಒಬ್ಬ ಹುಡುಗ ವೇದಿಕೆ ಹತ್ತಿದರೆ ಅವನ ಮನೆಯ ಹತ್ತು ಜನ ಕುರ್ಚಿಯಲ್ಲಿರುತ್ತಾರೆ. ಆ ಅಜ್ಜನ ಪದ ಕೇಳಲು ಅವರ ಕೇರಿಗೆ ಕೇರಿಯೇ ಬರುತ್ತದೆ. ಪಕ್ಕದ ಮನೆಯವರ ದನಿಯನ್ನು ಮೊದಲ ಸಲ ಮೈಕಿನಲ್ಲಿ ಕೇಳುವ ಖುಷಿಯೇ ಬೇರೆ, ಅಲ್ವಾ?

ಒಂದು ಮಾತು: ತಬಲಾ, ಹಾರ್ಮೋನಿಯಂ ನುಡಿಸುವವರಿಗೆ ಅದೇ ಬದುಕಾಗಿದ್ದರೆ ಸಂಭಾವನೆ ಕೊಡಲೇಬೇಕು. ‘ಊರಿನ ಕೆಲಸ, ಸುಮ್ನೆ ನುಡಿಸಿ’ ಎನ್ನುವುದು ತಪ್ಪು.

ಲೆಕ್ಕ ಹೀಗೆ ಹಾಕಿ

ಪಾಸ್‌ನ ದುಡ್ಡಿನಲ್ಲಿ ಖರ್ಚು ತೀರಲಿ, ದಾನದ ದುಡ್ಡು ಪೂರ್ತಿ ಉಳಿಯಲಿ. ಒಂದು ಉದಾಹರಣೆ ನೋಡಿ. 100 ರೂಪಾಯಿಯ 250 ಪಾಸ್ ಎಂದರೆ 25,000. ಮೈಕ್ ಸೆಟ್ಟಿಗೆ 10,000, ಪಕ್ಕವಾದ್ಯದವರಿಗೆ 8,000, ಸಭಾಂಗಣಕ್ಕೆ 4,000, ಮುದ್ರಣ ಮತ್ತು ಚಿಲ್ಲರೆ ಖರ್ಚಿಗೆ 3,000 ಇಟ್ಟರೆ ಸರಿಸಮ. ಆಗ 20 ಜನ ತಲಾ 1,000 ಕೊಟ್ಟರೂ 20,000 ನೇರ ಹೆಂಚಿಗೆ. ಮಂಡಕ್ಕಿ, ಮಿರ್ಚಿ, ಚಹಾದ ಅಂಗಡಿ ನೀವೇ ಇಟ್ಟರೆ ಅದು ಬೇರೆ.

ಪಾಸ್‌ಗೆ ಕ್ರಮಸಂಖ್ಯೆ ಇರಲಿ, ಅರ್ಧ ಚೀಟಿ ಪುಸ್ತಕದಲ್ಲೇ ಉಳಿಯಲಿ. ಯಾರ ಕೈಗೆ ಯಾವ ಪುಸ್ತಕ ಕೊಟ್ಟಿರಿ ಎಂದು ಬರೆದಿಡಿ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಇರಬೇಕು, ಖಜಾಂಚಿಯ ಸ್ವಂತ ಖಾತೆಯದ್ದಲ್ಲ. ಎಷ್ಟೇ ನಂಬಿಕೆಯವರಾದರೂ ಇದರಲ್ಲಿ ರಿಯಾಯಿತಿ ಬೇಡ. ಫೋನಿನಲ್ಲಿ ಪೋಸ್ಟರ್ ಕಳಿಸಿ ಕೂತರೆ ಪಾಸ್ ಹೋಗುವುದಿಲ್ಲ. ಮನೆಗೆ ಹೋಗಿ ಕೂತು ಮಾತಾಡಿ.

ಅನುಮತಿಗಳು

ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು. ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಅರ್ಜಿ ಬೇಗ ಕೊಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಹಾಗಾಗಿ 6ಕ್ಕೆ ಶುರು ಮಾಡಿ, 9.30ಕ್ಕೆ ಮುಗಿಸಿ.

ಜನ ಮರೆಯುವುದು ಹಾಡಿನ ಹಕ್ಕನ್ನು. ಹವ್ಯಾಸಿ ಸಂಘ ಕೇಳುಗರಿಂದ ದುಡ್ಡು ತೆಗೆದುಕೊಳ್ಳದೆ ಹಾಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಪಾಸ್ ಮಾರಿದರೆ ಆ ವಿನಾಯಿತಿ ಸಿಗದು. ಆಗ ಸಿನಿಮಾ ಹಾಡಿಗೆ, ಹಾಡು ಬರೆದವರ ಮತ್ತು ಸಂಗೀತ ಕೊಟ್ಟವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಕೇಳಿ ಪರವಾನಗಿ ಪಡೆಯಬೇಕು. ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳಿಗೆ 2041ರ ಕೊನೆಯವರೆಗೂ ಹಕ್ಕಿದೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ. ಆದರೆ ಈಚೆಗೆ ಯಾರಾದರೂ ಹೊಸದಾಗಿ ಹಾಕಿದ ಧಾಟಿಯಾದರೆ ಅವರನ್ನು ಕೇಳಬೇಕು. ನಾವು ಹಳೆಯ ಧಾಟಿಗಳನ್ನೇ ಆರಿಸಿಕೊಂಡೆವು. ಅದರಿಂದಲೇ ಸಂಜೆಗೆ ಒಂದು ಸೊಗಸು ಬಂತು.

ಆ ಸಂಜೆ

ಮಧ್ಯಾಹ್ನ 3ಕ್ಕೇ ಮೈಕ್ ಪರೀಕ್ಷೆ ಮಾಡಿ. ಸ್ಪೀಕರ್ ಹಾಡುವವರಿಗಿಂತ ಮುಂದಿರಲಿ. ಮೈಕಿನ ಬಾಯಿ ಅದರ ಕಡೆ ತಿರುಗಿದರೆ ಕುಂಯ್ ಎನ್ನುತ್ತದೆ. ಹಾಡುವವರಿಗೆ ಶ್ರುತಿ ಕೇಳುತ್ತಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ. ಡೊಳ್ಳನ್ನು ವೇದಿಕೆಗೆ ಏರಿಸಬೇಡಿ. ಅಂಗಳದಲ್ಲೇ ಬಾರಿಸಿ ಜನರನ್ನು ಒಳಗೆ ಕರೆತನ್ನಿ. ಅದಕ್ಕೆ ಮೈಕೂ ಬೇಡ.

ಮೊದಲ ವರ್ಷ ನಾವು ಆರು ಜನರಿಗೆ ಭಾಷಣಕ್ಕೆ ಬಿಟ್ಟೆವು. ಒಂದು ಗಂಟೆ ಹೋಯಿತು, ಮಕ್ಕಳು ನಿದ್ದೆ ಹೋದರು, ಹಿಂದಿನ ಸಾಲುಗಳು ಖಾಲಿಯಾದವು. ಕೊನೆಯಲ್ಲಿ ಹಾಡಬೇಕಿದ್ದ ಅಜ್ಜನಿಗೆ ಉಳಿದದ್ದು ಹತ್ತೇ ನಿಮಿಷ. ಆ ಬೇಸರ ಇನ್ನೂ ಹೋಗಿಲ್ಲ. ಮರುವರ್ಷ ಮಾತಿಗೆ ಒಟ್ಟು ಹತ್ತು ನಿಮಿಷ ಇಟ್ಟೆವು. ಅಜ್ಜನ ಪದವನ್ನು ನಡುವೆ, ಜನ ತುಂಬಿರುವಾಗ ಇಟ್ಟೆವು. ಅದು ಮುಗಿದ ಕೂಡಲೇ ಡಬ್ಬಿ ಹಿಡಿದು ಸಾಲುಗಳಲ್ಲಿ ನಡೆದೆವು. ದಾನ ಕೇಳುವ ಹೊತ್ತು ಅದೇ. ಮನಸ್ಸು ತುಂಬಿದ ಜನ ತಾವಾಗಿ ಕೊಡುತ್ತಾರೆ.

ಡಬ್ಬಿಯನ್ನು ಅಲ್ಲೇ, ಇಬ್ಬರು ಹೊರಗಿನವರ ಎದುರು ಎಣಿಸಿ, ಮೊತ್ತವನ್ನು ವೇದಿಕೆಯಿಂದ ಹೇಳಿ. ಮಾರನೇ ದಿನ ಹಣ ಬ್ಯಾಂಕಿಗೆ ಹೋಗಲಿ. ವಾರದೊಳಗೆ ಬಂದದ್ದು, ಖರ್ಚಾದದ್ದು, ಉಳಿದದ್ದು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಲಿನ ಡೈರಿ, ಗ್ರಂಥಾಲಯದ ಗೋಡೆಗೆ ಅಂಟಿಸಿ. ಹೆಂಚು ಹೊದಿಸುವ ದಿನ ಪಾಸ್ ಕೊಂಡವರನ್ನೂ ಕರೆಯಿರಿ. ನಮ್ಮಲ್ಲಿ ಅಂದು ಅಜ್ಜನೇ ಏಣಿಯ ಕೆಳಗೆ ನಿಂತು ಹೆಂಚು ಎತ್ತಿಕೊಡುತ್ತಿದ್ದರು.