ಮೊದಲು ನೀರಿಗೆ ದಾರಿ, ಆಮೇಲೆ ಗಾಡಿಗೆ

ನೇಪಾಳದ ಗುಡ್ಡಗಾಡಿನಲ್ಲಿ ನಾಲ್ಕು ವರ್ಷ ಹಳ್ಳಿ ರಸ್ತೆಗಳ ಕೆಲಸ ಮಾಡಿದೆ. ಹೋದ ಹೊಸತರಲ್ಲಿ ಗುಡ್ಡ ಕಡಿದು ಮಣ್ಣು ತಳ್ಳಿದರೆ ರಸ್ತೆ ಆಯ್ತು ಅಂದುಕೊಂಡಿದ್ದೆ. ಮೊದಲ ಚಳಿಗಾಲದಲ್ಲೇ ಡೋಜರ್ ತರಿಸಿ 3 ಕಿಲೋಮೀಟರ್ ಕಡಿಸಿದೆ. ಮಣ್ಣೆಲ್ಲ ಕೆಳಗಿನ ಇಳಿಜಾರಿಗೆ ಹೋಯಿತು. ಜೂನ್ ನಡುವೆ ಮಳೆ ಹಿಡಿಯಿತು. ಜುಲೈ ಮುಗಿಯುವುದರೊಳಗೆ ಮೂರು ಕಡೆ ರಸ್ತೆ ಕುಸಿದಿತ್ತು. ರಸ್ತೆ ಹೋದದ್ದು ಹಾಗಿರಲಿ, ಕೆಳಗಿನ ಎರಡು ಮನೆಯವರ ಮೆಕ್ಕೆಜೋಳ ಮಣ್ಣಿನಡಿ ಸೇರಿತು. ಅದು ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ.

ಕಾರಣ ಹುಡುಕುತ್ತಾ ಮಳೆಯಲ್ಲೇ ಆ ಉದ್ದಕ್ಕೂ ನಡೆದೆ. ನಾನು ರಸ್ತೆಯನ್ನು ಗುಡ್ಡದ ಕಡೆಗೆ ವಾಲಿಸಿ, ಒಳಬದಿಗೆ ಚರಂಡಿ ಕೊಟ್ಟಿದ್ದೆ. ಎಲೆ, ಕಲ್ಲು ಬಿದ್ದು ಚರಂಡಿ ಕಟ್ಟಿಕೊಂಡಿತ್ತು. ಅಷ್ಟೂ ದೂರದ ನೀರು ಒಂದೇ ತಿರುವಿನಲ್ಲಿ ಉಕ್ಕಿ ಹೊರಬಿದ್ದಿತ್ತು. ಡೋಜರ್ ತಳ್ಳಿದ ಸಡಿಲ ಮಣ್ಣು ಅದನ್ನು ಎಷ್ಟು ತಡೆದೀತು?

ಮುಂದಿನ ವರ್ಷ ಕೆಲಸದ ರೀತಿಯನ್ನೇ ಬದಲಿಸಿದೆವು. ನೇಪಾಳದಲ್ಲೇ ಬೆಳೆದು ಬಂದ 'ಹಸಿರು ರಸ್ತೆ' ಪದ್ಧತಿ ಹಿಡಿದೆವು. ಮೊದಲು ಆಬ್ನಿ ಲೆವೆಲ್, ಅಂದರೆ ಏರಿಳಿತ ಅಳೆಯುವ ಕೈ ಉಪಕರಣ, ಹಿಡಿದು ಗುಡ್ಡ ಸುತ್ತಿದೆವು. ಏರು ಸರಾಸರಿ ಶೇಕಡಾ 7 ಮೀರಬಾರದು ಅಂತ ಗುರುತು ಹಾಕುತ್ತಾ ಹೋಗುವಾಗ ಊರಿನ ಒಬ್ಬ ಬಾಜೆ ಜೊತೆಗಿದ್ದರು. ಅಲ್ಲಿ ಅಜ್ಜನಿಗೆ ಬಾಜೆ ಅನ್ನುತ್ತಾರೆ. ಒಂದು ಕಡೆ ನಿಂತು, "ಇಲ್ಲಿ ಬೇಡ ಬಾಬು, ನಾನು ಹುಡುಗನಾಗಿದ್ದಾಗ ಇದೇ ತೊರೆ" ಅಂದರು. ನನ್ನ ಕಣ್ಣಿಗೆ ಅದು ಬರೀ ಹುಲ್ಲಿನ ಬಯಲು. ದಾರಿಯನ್ನು ಮೇಲಕ್ಕೆ ಸರಿಸಿದೆವು. ಮಳೆಗಾಲದಲ್ಲಿ ಅಲ್ಲಿ ನೀರು ಹರಿಯಿತು.

ಈ ಸಲ ಗುದ್ದಲಿ, ಹಾರೆಯಿಂದಲೇ ಕೆಲಸ. ಊರಿನವರಿಗೆ ಕೂಲಿಯೂ ಸಿಕ್ಕಿತು. ಮೊದಲ ವರ್ಷ ಒಂದೂವರೆ ಮೀಟರ್ ಅಗಲದ ದಾರಿ ಅಷ್ಟೇ, ಜನ, ಹೇಸರಗತ್ತೆ ಓಡಾಡುವಷ್ಟು. ಅದರ ಮೇಲೆ ಒಂದು ಮಳೆಗಾಲ ಕಳೆಯಲು ಬಿಟ್ಟೆವು. ಮಣ್ಣು ತಾನಾಗಿ ಕೂತಿತು. ಗುಡ್ಡ ಎಲ್ಲಿ ಸಡಿಲ, ಎಲ್ಲಿ ಒಸರುತ್ತದೆ ಅನ್ನೋದೂ ಕಂಡಿತು. ಅದನ್ನು ನೋಡಿಕೊಂಡು ಮರುವರ್ಷ ಅಗಲ ಮಾಡಿದೆವು. ಕಡಿದ ಕಲ್ಲನ್ನು ಎಸೆಯದೆ ಗೋಡೆಗೆ ಬಳಸಿದೆವು. ಜರಿಯುವ ಕಡೆ ತಂತಿಬಲೆಯಲ್ಲಿ ಕಲ್ಲು ತುಂಬಿ ಕೂರಿಸಿದೆವು. ರಸ್ತೆಯನ್ನು ಹೊರಕ್ಕೆ ಶೇಕಡಾ 5ರಷ್ಟು ವಾಲಿಸಿದ್ದರಿಂದ ನೀರು ಒಂದೆಡೆ ಸೇರದೆ ಉದ್ದಕ್ಕೂ ತೆಳುವಾಗಿ ಇಳಿದುಹೋಯಿತು. ಅಂಚಿಗೆ ಅಮ್ರಿಸೊ ಹುಲ್ಲು ನೆಟ್ಟೆವು. ಬೇರು ಮಣ್ಣು ಹಿಡಿಯುತ್ತದೆ, ಹೂವಿನ ತೆನೆಯಿಂದ ಪೊರಕೆ ಕಟ್ಟಿ ಮಾರಬಹುದು. ಹಾಗಾಗಿ ಅದನ್ನು ಯಾರೂ ಕೀಳಲಿಲ್ಲ.

ಇಷ್ಟು ನಿಧಾನ ಜನರಿಗೆ ಒಪ್ಪಿಗೆ ಆಗಲಿಲ್ಲ. ಅವರ ಮಾತಲ್ಲಿ ತಪ್ಪೂ ಇರಲಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿ ಗಂಟೆಗಟ್ಟಲೆ ಹೊರುವವರಿಗೆ "ಮೂರು ವರ್ಷ ಕಾಯಿರಿ" ಅಂತ ಹೇಗೆ ಹೇಳೋದು? ಅದಕ್ಕೇ ರಸ್ತೆಗಿಂತ ಮೊದಲು ಹೊಳೆಯ ಮೇಲೆ ತೂಗುಸೇತುವೆ ಮುಗಿಸಿದೆವು. ಅಲ್ಲಿಯತನಕ ಮಕ್ಕಳು ತುಯಿನ್‌ನಲ್ಲಿ, ಅಂದರೆ ತಂತಿಗೆ ಜೋತುಬಿಟ್ಟ ಪೆಟ್ಟಿಗೆಯಲ್ಲಿ, ದಾಟುತ್ತಿದ್ದರು. ಇಲ್ಲೂ ಮೊದಲ ಪ್ರಶ್ನೆ ನೀರಿನದೇ. ಸೇತುವೆಯ ಅತಿ ತಗ್ಗಿನ ಜಾಗ ದೊಡ್ಡ ನೆರೆಯ ಮಟ್ಟಕ್ಕಿಂತ 5 ಮೀಟರ್ ಮೇಲಿರಬೇಕು. ಆ ನೆರೆ ಎಲ್ಲಿಗೆ ಬಂದಿತ್ತು ಅಂತ ಬಂಡೆ ಮುಟ್ಟಿ ತೋರಿಸಿದವರೂ ಬಾಜೆಯೇ.

ಉಕ್ಕಿನ ಹಗ್ಗ ತಂದ ದಿನ ಮರೆಯಲಾರೆ. ತುಂಡು ಮಾಡಿ ತರುವ ಹಾಗಿಲ್ಲ, ಗಾಡಿ ಬರುವ ಹಾಗಿಲ್ಲ. ಸಾಲಾಗಿ ನಿಂತ ಹತ್ತಾರು ಜನ ಒಂದೇ ಹಗ್ಗವನ್ನು ಹೆಗಲ ಮೇಲೆ ಹೊತ್ತು, ಒಂದೇ ಹೆಜ್ಜೆಯಲ್ಲಿ ಗುಡ್ಡ ಹತ್ತಿದರು. 1956ರಲ್ಲಿ ತ್ರಿಭುವನ ರಾಜಪಥ ಆಗುವ ಮೊದಲು ಕಠ್ಮಂಡುವಿಗೆ ಕಾರುಗಳನ್ನೂ ಹೀಗೇ ಹೊತ್ತು ತಂದದ್ದು.

ಮೂರನೇ ಮಳೆಗಾಲ ಕಳೆದ ಮೇಲೆ ರಸ್ತೆಗೆ ಜೀಪು ಬಂತು. ನಾನು ಹೊರಡುವ ಹೊತ್ತಿಗೆ ಊರಿನ ಹೆಂಗಸರೇ ಸರದಿಯ ಮೇಲೆ ರಸ್ತೆ ನೋಡಿಕೊಳ್ಳುತ್ತಿದ್ದರು. ಜೋರು ಮಳೆ ಬಂದಾಗ ಮನೆಯೊಳಗೆ ಕೂರುತ್ತಿರಲಿಲ್ಲ. ಗುದ್ದಲಿ ಹಿಡಿದು ಹೊರಡುತ್ತಿದ್ದರು, ಮೋರಿಯ ಬಾಯಿಗೆ ಬಿದ್ದ ಎಲೆ ಎಳೆದುಹಾಕಲು.