ಮರಿ ಡಿಸ್ಕಸ್ ಜೊತೆಗೆ ಕಾರ್ಡಿನಲ್ ಟೆಟ್ರಾ ಬಿಡಿ
ಅಕ್ವೇರಿಯಂನಲ್ಲಿ ಸಾಕುವ ತಟ್ಟೆಯಾಕಾರದ ಡಿಸ್ಕಸ್ ಮೀನಿನ ಮರಿಗಳು ಮೈ ಕಪ್ಪಾಗಿ ಮೂಲೆ ಹಿಡಿದು ನಿಂತಿದ್ದರೆ, ಟ್ಯಾಂಕಿಗೆ ಹತ್ತು-ಹನ್ನೆರಡು ಕಾರ್ಡಿನಲ್ ಟೆಟ್ರಾ ಬಿಟ್ಟು ನೋಡಿ. ಪುಟ್ಟ ಮೀನುಗಳು ನಡುನೀರಿನಲ್ಲಿ ನಿರಾಳವಾಗಿ ಓಡಾಡುತ್ತಿದ್ದರೆ ಡಿಸ್ಕಸ್‌ಗೂ ಧೈರ್ಯ ಬರುತ್ತದೆ. ಮೈಮೇಲಿನ ಕಪ್ಪು ಪಟ್ಟೆ ಮಸುಕಾಗಿ, ಊಟಕ್ಕೆ ಮುಂದೆ ಬರುತ್ತವೆ. ನಿಯಾನ್ ಟೆಟ್ರಾ ಬೇಡ, ಡಿಸ್ಕಸ್‌ಗೆ ಬೇಕಾದ 28-30 ಡಿಗ್ರಿ ಬಿಸಿ ಅದಕ್ಕೆ ಹೆಚ್ಚಾಯಿತು. ಏಂಜೆಲ್ ಮೀನಂತೂ ಬೇಡವೇ ಬೇಡ, ಮರಿಗಳ ಬಾಯಿಗೆ ಹೋಗುವುದನ್ನೂ ಕಸಿದು ತಿನ್ನುತ್ತದೆ. ಹೊಸ ಟೆಟ್ರಾಗಳನ್ನು ಮೂರ್ನಾಲ್ಕು ವಾರ ಬೇರೆ ಇಟ್ಟು, ರೋಗವಿಲ್ಲ ಅಂತ ಕಂಡಮೇಲೇ ಸೇರಿಸಿ. ಡಿಸ್ಕಸ್ ಎರಡೇ ಇದ್ದು ಒಂದು ಇನ್ನೊಂದನ್ನು ಅಟ್ಟಾಡಿಸುತ್ತಿದ್ದರೆ ಈ ಉಪಾಯ ನಡೆಯದು. ಒಂದೇ ಅಳತೆಯ ಐದಾರು ಬೇಕು. ನೀರು ತಣ್ಣಗಾದರೂ ಅಷ್ಟೇ, ಈ ಉಪಾಯ ಕೆಲಸ ಮಾಡದು. ನಮ್ಮ ಮಡಿಕೇರಿ ಕಡೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋದರೆ ಹೀಟರೂ ನಿಲ್ಲುತ್ತದೆ, ಕೂಡಲೇ ಟ್ಯಾಂಕಿಗೆ ದಪ್ಪ ಕಂಬಳಿ ಸುತ್ತಿ, ಬ್ಯಾಟರಿ ಏರ್ ಪಂಪ್ ಹಾಕಿಬಿಡಿ.